ಬೆಳಗಿನ ಗೇಟು ತೆಗೆಸಿದ ವಾರಿಜಕ್ಕ

ಪಕ್ಕದ ಮನೆಯ ವಾರಿಜಕ್ಕ ಬೆಳಿಗ್ಗೆ ನಡೆಯಲು ಹೊರಟರೆ ಕೈಯಲ್ಲಿ ಖಾಲಿ ಚೀಲ ಇದ್ದೇ ಇರುತ್ತಿತ್ತು. ಎಂಬತ್ತರ ದಶಕದ ಉಡುಪಿಯಲ್ಲಿ ಹೆಂಗಸೊಬ್ಬಳು ಸುಮ್ಮನೆ ಬಿರಬಿರನೆ ನಡೆದರೆ ಎದುರು ಸಿಕ್ಕಿದವರೆಲ್ಲ ಎಲ್ಲಿಗೆಂದು ಕೇಳುವವರೇ. ಚೀಲ ಕಂಡರೆ ಮೀನಿಗೆಂದು ತಿಳಿದು ಸುಮ್ಮನಾಗುತ್ತಿದ್ದರು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಅವರಿಗೆ ಶುಗರ್ ಇತ್ತು. ಮಣಿಪಾಲದ ಡಾಕ್ಟರು ನಡೆಯಲು ಹೇಳಿದ್ದರು.

"ಇದಕ್ಕಿಂತ ಮದ್ದು ಸುಲಭ ಮಾರಾಯ್ತಿ. ಮಾತ್ರೆ ನುಂಗಿದರೆ ಯಾರೂ ಎಂತಕ್ಕೆ ಅಂತ ಕೇಳುವುದಿಲ್ಲ" ಎನ್ನುತ್ತಿದ್ದರು.

ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನೂ, ಬೀದಿಯ ಇನ್ನೂ ಕೆಲವು ಹೆಂಗಸರನ್ನೂ ಜೊತೆಗೆ ಎಳೆದುಕೊಂಡರು. ನಾವು ನಡೆಯುತ್ತಿದ್ದುದು ಹೆದ್ದಾರಿಯ ಅಂಚಿನಲ್ಲಿ. ಬೀದಿಯ ಕೊನೆಗೇ, ಹೆದ್ದಾರಿಯ ಆಚೆ ಬದಿ ಪಾರ್ಕಿತ್ತು, ಆದರೆ ಸಂಜೆಯವರೆಗೆ ಅದಕ್ಕೆ ಬೀಗ. ಪಾರ್ಕು ಕಮಿಟಿಯ ಅಧ್ಯಕ್ಷ ಭಂಡಾರಿಯವರಿಗೆ ಹುಲ್ಲಿನ ಚಿಂತೆ.

ಒಂದು ಬೆಳಿಗ್ಗೆ ಕಟಪಾಡಿ ಕಡೆಯಿಂದ ಎರಡು ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುತ್ತ ಬಂದವು. ಒಂದು ಡಾಮರು ಬಿಟ್ಟು ನೇರ ನಮ್ಮತ್ತ ನುಗ್ಗಿತು. ನಾನು ನೋಡುತ್ತಲೇ ನಿಂತೆ, ಕಾಲು ಏಳಲಿಲ್ಲ. ವಾರಿಜಕ್ಕ ನನ್ನ ಜಡೆ ಹಿಡಿದು ಎಳೆದರು. ಇಬ್ಬರೂ ಚರಂಡಿಗೆ ಬಿದ್ದೆವು. ನಾನು ನಿಂತಿದ್ದ ಜಾಗದ ಮೇಲೆ ಚಕ್ರ ಹರಿದುಹೋಯಿತು. ಬಸ್ಸು ನಿಲ್ಲಲಿಲ್ಲ. ಇಂದಿಗೂ ಹಿಂದಿನಿಂದ ಹಾರ್ನ್ ಕೇಳಿದರೆ ಆ ಚಕ್ರ ಮತ್ತೆ ಬರುತ್ತದೆ, ನನ್ನ ಕಾಲು ಅಲ್ಲೇ ನಿಲ್ಲುತ್ತದೆ.

ಮರುದಿನ ನಾನು ಹೊರಗೆ ಕಾಲಿಡಲಿಲ್ಲ. ವಾರಿಜಕ್ಕ ಬಾಗಿಲಿಗೇ ಬಂದರು. "ಏಳು ಶಶಿ. ರಸ್ತೆಗಲ್ಲ, ಭಂಡಾರಿಯವರ ಮನೆಗೆ."

ಎಲ್ಲರನ್ನೂ ಕರೆದುಕೊಂಡು ಅವರ ಅಂಗಳಕ್ಕೆ ಹೊಕ್ಕವರೇ ಮನೆಯ ಸುತ್ತ ನಡೆಯತೊಡಗಿದರು. ಭಂಡಾರಿಯವರು ಚಹಾದ ಲೋಟ ಹಿಡಿದು ಹೊರಗೆ ಬಂದರು.

"ಎಂತ ವಾರಿಜಕ್ಕ, ನನ್ನ ಮನೆಗೆ ಪ್ರದಕ್ಷಿಣೆಯಾ?"

"ಹೌದು. ಪಾರ್ಕಿಗೆ ಬೀಗ ಉಂಟು, ರಸ್ತೆಯಲ್ಲಿ ಬಸ್ಸು ಉಂಟು. ನಿಮ್ಮ ಅಂಗಳದಲ್ಲಿ ಎರಡೂ ಇಲ್ಲ, ಅಲ್ವಾ?"

"ಅಲ್ಲ, ಅಲ್ಲಿ ಹುಲ್ಲು..."

"ಇವಳು ನಿನ್ನೆ ಚಕ್ರದಡಿಗೆ ಹೋಗುವವಳು, ಸ್ವಲ್ಪದರಲ್ಲಿ ಉಳಿದಳು. ನೀವು ಹುಲ್ಲಿನ ಕತೆ ಹೇಳಬೇಡಿ."

ನೋಡಲು ಬಂದ ಭಂಡಾರಿಯವರ ಹೆಂಡತಿ ಎರಡನೆಯ ಸುತ್ತಿಗೆ ಸೆರಗು ಸಿಕ್ಕಿಸಿ ನಮ್ಮ ಹಿಂದೆ ಸೇರಿಕೊಂಡರು. ಆಮೇಲೆ ಭಂಡಾರಿಯವರು ಹೆಚ್ಚು ವಾದಿಸಲಿಲ್ಲ. ಆ ವಾರದಲ್ಲೇ ಗೇಟು ಬೆಳಿಗ್ಗೆ ತೆರೆಯಿತು.

ಮಳೆಗಾಲ ಬರುವುದರೊಳಗೆ ಪಾರ್ಕು ತುಂಬಿತ್ತು. ಪೆನ್ಶನ್ ಆದವರು ಬಂದರು, ಬಟ್ಟೆ ಅಂಗಡಿಯ ಬ್ಯಾರಿಯವರು ತಾಯಿಯನ್ನು ಕರೆತಂದರು, ಬಾಣಂತನ ಮುಗಿಸಿದವರು ಬಂದರು. ಎಲ್ಲಿಗೆಂದು ಯಾರೂ ಕೇಳುತ್ತಿರಲಿಲ್ಲ. ಬಂದವರು ಕೂತರೆ ವಾರಿಜಕ್ಕ ಬಿಡುತ್ತಿರಲಿಲ್ಲ: "ಕೂರಲಿಕ್ಕೆ ಮನೆಯಲ್ಲಿ ಕುರ್ಚಿ ಇಲ್ಲವಾ? ಏಳಿ!" ನನ್ನನ್ನು ಮಾತ್ರ ಕೆಲವು ತಿಂಗಳು ಕೈ ಹಿಡಿದೇ ರಸ್ತೆ ದಾಟಿಸಿದರು. ಆ ಬಗ್ಗೆ ಒಂದು ದಿನವೂ ತಮಾಷೆ ಮಾಡಲಿಲ್ಲ.

ಮುಂದೆ ಅವರು ಕಾರ್ಕಳದ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ಬಂದ ಮರುದಿನ ಬೆಳಿಗ್ಗೆ ಪಾರ್ಕಿಗೆ ಬೀಗ ಬಿದ್ದಿತ್ತು. ಎಲ್ಲರೂ ಹೊರಗೆ ನಿಂತಿದ್ದರು. ನಾನು ಒಬ್ಬಳೇ ರಸ್ತೆ ದಾಟಿ ಭಂಡಾರಿಯವರ ಮನೆಗೆ ಹೋದೆ.

"ವಾರಿಜಕ್ಕನ ಗೌರವಕ್ಕೆ ಇವತ್ತೊಂದು ದಿನ ರಜೆ" ಎಂದರು.

"ಅವರ ಹೆಸರಲ್ಲಿ ಬೀಗ ಹಾಕುವುದಾ?" ಎಂದೆ.

ಭಂಡಾರಿಯವರು ಒಳಗೆ ಹೋಗಿ ಕೀಲಿಕೈ ತಂದು ನನ್ನ ಕೈಗೇ ಕೊಟ್ಟರು.