ಬಾಡಿಗಿಗೆ ಇದ್ದವರು

ಗಿಣಿಗೇರಾದ ನಮ್ಮ ಎದುರುಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಾಕೆಯ ಒಂದು ಕಾಲು ಪೋಲಿಯೊದಿಂದ ಸೊರಗಿತ್ತು. ಫ್ಯಾಕ್ಟರಿಗೆ ಹೋಗುವವರೊಬ್ಬರನ್ನು ಗುಡಿಯಲ್ಲಿ ಸದ್ದಿಲ್ಲದೆ ಮದುವೆಯಾಗಿದ್ದಳು. ಗಂಡ ಎಂದು ಬರೆಸಿದರೆ ಅವರ ಪಗಾರವೂ ಲೆಕ್ಕಕ್ಕೆ ಬಂದು, ಅಂಗವಿಕಲರ ಪಿಂಚಣಿ, ರೇಷನ್ ಕಾರ್ಡು ಎರಡೂ ಹೋಗುತ್ತಿದ್ದವು. ತಪಾಸಣೆಗೆ ಬಂದವರು ಬಾಗಿಲಲ್ಲಿನ ಬೂಟು ತೋರಿಸಿ ಯಾರವೆಂದು ಕೇಳಿದರೆ, ಹೊಲಿಗೆಯಿಂದ ಕಣ್ಣೆತ್ತದೆ ಅನ್ನುತ್ತಿದ್ದಳು: "ಬಾಡಿಗಿಗೆ ಅದಾರ್ರಿ."

ಒಮ್ಮೆ ಅವಳ ಗಂಡನಿಗೆ ಹೊಟ್ಟೆನೋವು ಜೋರಾಗಿ ಕೊಪ್ಪಳದ ಆಸ್ಪತ್ರೆಗೆ ಒಯ್ದೆವು. ಕೂಡಲೇ ಆಪರೇಷನ್ ಆಗಬೇಕಿತ್ತು. ನರ್ಸ್ ಸಹಿಯ ಕಾಗದ ತಂದು, "ಇವರು ನಿಮಗೇನಾಗಬೇಕ್ರಿ?" ಎಂದರು. ಊರುಗೋಲನ್ನು ಗೋಡೆಗೆ ಒರಗಿಸಿ ಪೆನ್ನಿಗೆ ಕೈಚಾಚುತ್ತಿದ್ದವಳ ಬಾಯಿಂದ ರೂಢಿಯಂತೆ ಬಂತು.

"ಬಾಡಿಗಿಗೆ ಅದಾರ್ರಿ."

ನರ್ಸ್ ಪೆನ್ನು ಹಿಂದಕ್ಕೆಳೆದುಕೊಂಡರು.

"ಹಂಗಾದ್ರ ಮನಿಯವರನ್ನ ಕರೀರಿ."