ಗಲೀಫಿನೊಳಗಿನ ತಾರು

ಮೊನ್ನೆ ರಾಯಚೂರಿನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಕಾದ ಸೀಸ, ಸುಟ್ಟ ರಾಳ... ನಮ್ಮ ಅಕ್ಕನ ಸೆರಗಿನ ವಾಸನೆ ಅದು.

ಎಪ್ಪತ್ತರ ದಶಕದ ಕೊನೆ. ನಾನು ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಅಕ್ಕ ರಾಯಚೂರಿಗೆ ಹೋಗಿ ರೇಡಿಯೋ ಕೆಲಸ ಕಲಿತವಳು. ನಮ್ಮೂರು ದೇವದುರ್ಗದ ಜನರಿಗೆ ಅದೊಂದು ತಮಾಷೆ.

"ಹೆಣ್ಣು ಬಿಚ್ಚಿದ ರೇಡಿಯೋ ಹಾಡ್ತದೇನಬೇ?" ಎಂದು ಯಾರೋ ಕೆಣಕಿದರೆ, "ಹಾಡ್ತದ. ನಿನ್ನ ಹೆಂಡ್ತಿ ಬೈಯೋದು ಕೇಳಿಸದಷ್ಟು ಜೋರು ಹಾಡ್ತದ, ತಗೊಂಡು ಹೋಗು" ಎನ್ನುತ್ತಿದ್ದಳು.

ಹೈದರಾಬಾದಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಪರೀಕ್ಷೆಯಲ್ಲಿ ಆಕೆ ಪಾಸಾಗಿದ್ದಳು. ಇಂಟರ್ವ್ಯೂಗೆ ಕರೆ ಬರುವುದೊಂದೇ ಬಾಕಿ.

ನನ್ನ ಮದುವೆಯ ಹಿಂದಿನ ದಿನ. ಅರಿಶಿಣ ಹಚ್ಚಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಅಂಚೆಯವ ನನ್ನ ಕೈಗೆ ತಾರು ಕೊಟ್ಟು ಹೋದ. ಟೆಲಿಗ್ರಾಂಗೆ ನಾವು ತಾರು ಎನ್ನುತ್ತಿದ್ದೆವು. ತಾರು ಅಂದರೆ ಸಾವು. ಲಕೋಟೆ ಒಡೆಯುವ ಮೊದಲೇ ಹೆಂಗಸರು ಅಳುತ್ತಿದ್ದರು. ಮಾನ್ವಿಯ ದೊಡ್ಡಪ್ಪ ಹಾಸಿಗೆ ಹಿಡಿದಿದ್ದ. ಅವನೇ ಹೋಗಿರಬೇಕು, ಗೊತ್ತಾದರೆ ಸೂತಕ, ಮದುವೆ ನಿಲ್ಲುತ್ತದೆ... ದಿಂಬಿನ ಗಲೀಫಿನೊಳಗೆ ತುರುಕಿಬಿಟ್ಟೆ. ಮೇಲಿನ ಇಂಗ್ಲಿಷು ನನಗೆ ಓದಲು ಬರದು. ಅಕ್ಕನ ಕರೆಯೂ ಇರಬಹುದೆಂದು ಒಂದು ಗಳಿಗೆ ಹೊಳೆದಿತ್ತು. ಓಣಿಯ ಮಾಸ್ತರರಿಂದ ಓದಿಸಬಹುದಿತ್ತು. ಓದಿಸಲಿಲ್ಲ.

ಮರುದಿನ ಅಕ್ಷತೆಯ ಹೊತ್ತಿಗೆ ದೊಡ್ಡಪ್ಪ ತಾನೇ ಬಸ್ಸಿಳಿದು ಬಂದ! ಹಾಗಾದರೆ ಆ ತಾರು ಅಕ್ಕನದೇ. ಆಗ ಕೊಟ್ಟಿದ್ದರೂ ಅಕ್ಕ ರೈಲು ಹಿಡಿಯುತ್ತಿದ್ದಳು. ಯಾವ ಮುಖದಿಂದ ಕೊಡಲಿ ಎಂದು ಇನ್ನೆರಡು ದಿನ ಸುಮ್ಮನಿದ್ದೆ.

"ಗದ್ದಲದಾಗ ಮರತಬಿಟ್ಟೆ, ಅಕ್ಕಾ" ಎಂದು ಕೊನೆಗೆ ತಾರನ್ನು ಆಕೆಯ ಕೈಗಿಟ್ಟೆ.

ಆಕೆ ಓದಿದಳು. ಇಂಟರ್ವ್ಯೂ ಹಿಂದಿನ ದಿನವೇ ಮುಗಿದಿತ್ತು.

"ಮದಿಮಗ ಮರೀತಾನ, ಬಿಡು. ನಡಿ, ಹೋಗೋಣು" ಎಂದವಳೇ ಚೀಲ ಎತ್ತಿಕೊಂಡಳು.

ಕಂಪನಿಯ ಗೇಟಿನಲ್ಲಿ ಕಾವಲುಗಾರ ತಡೆದ. "ಇಂಟರ್ವ್ಯೂ ಖತಂ, ಅಮ್ಮಾ."

"ತಾರು ತಡ ಆಗ್ಯಾದ, ನನ್ನ ಕೈ ತಡ ಆಗಿಲ್ಲ. ಒಂದು ಕೆಟ್ಟ ರೇಡಿಯೋ ತರ್ರಿ, ನೋಡೇ ಬಿಡೋಣು."

ಅವನು ನಗುತ್ತ ತನ್ನದೇ ಮೂಕ ರೇಡಿಯೋ ಕೊಟ್ಟ. ಅವನ ಗೂಡಿನಲ್ಲೇ ಕೂತು, ಚೀಲದಿಂದ ಬೆಸುಗೆಯ ಸಲಕರಣೆ ತೆಗೆದು, ಅಕ್ಕ ಅದನ್ನು ಹಾಡಿಸಿದಳು. ಒಳಗಿನಿಂದ ಬಂದ ಸಾಹೇಬರು ನಿಂತು ನೋಡಿದರು. ಜಾಗಗಳೆಲ್ಲ ತುಂಬಿವೆ ಎಂದರು. ಹೋದರು.

ರೈಲಿನಲ್ಲಿ ಅಕ್ಕ ಅಳಲಿಲ್ಲ. "ನಾ ಪಾಸಾದೆನಲೇ. ಬೇಕಾದ್ರ ಆ ರೇಡಿಯೋನ ಕೇಳು" ಎಂದಳು.

ದೇವದುರ್ಗದಲ್ಲೇ ಅಂಗಡಿ ಇಟ್ಟಳು. ಯಾರಾದರೂ ಹಣೆಬರಹ ಎಂದರೆ ಸಿಟ್ಟು. "ಹಣೆಬರ ಅಲ್ಲರೀ. ನನ್ನ ತಮ್ಮ ಮರತ, ಅಷ್ಟ" ಎಂದು ನಗುತ್ತಿದ್ದಳು. ಪಕ್ಕದಲ್ಲಿ ನಾನೂ ನಗುತ್ತಿದ್ದೆ... ಆಕೆ ಕಣ್ಣು ಮುಚ್ಚುವ ತನಕ ನಿಜ ಹೇಳಲಿಲ್ಲ.

ಮೊನ್ನೆ ರಿಪೇರಿಯಾದ ಮೊಬೈಲ್ ಕೈಗೆ ಬಂದರೂ ನಾನು ಅಲ್ಲೇ ನಿಂತಿದ್ದೆ.

"ಏನರ ಮರತ್ರೇನ್ರೀ, ಯಜಮಾನ್ರ?" ಎಂದ ಅಂಗಡಿಯವ.

"ಇಲ್ಲಪ್ಪಾ, ಮರತಿಲ್ಲ" ಎಂದೆ. "ಅವತ್ತೂ ಮರತಿರಲಿಲ್ಲ."