ಕದಿರಮ್ಮ ಬೇಡವೆಂದ ಸಮ್ಮಟಿಗೆ

ಎರಡನೆಯ ಮಹಾಯುದ್ಧ ಯಾರನ್ನು ಕೊಂದಿತೋ ಏನೋ, ಜಡಿಗೇನಹಳ್ಳಿಯ ಪಿಳ್ಳಪ್ಪನಿಗೆ ಮಾತ್ರ ಕೈತುಂಬ ಕೆಲಸ ಕೊಟ್ಟಿತ್ತು. ಸೀಮೆಎಣ್ಣೆ ಸಿಗದೆ ಬೆಂಗಳೂರಿನವರೆಲ್ಲ ಸೌದೆಗೆ ಮುಗಿಬಿದ್ದಿದ್ದರು. ಅವನೂ ಹೆಂಡತಿ ಕದಿರಮ್ಮನೂ ಊರೂರು ತಿರುಗಿ ಒಣಗಿದ ಹುಣಸೆಬೊಡ್ಡೆ ಸೀಳುತ್ತಿದ್ದರು. ಹಳೆಯ ಕೊಡಲಿ ಸವೆದುಹೋದಾಗ ಹೊಸದನ್ನು ಆರಿಸಲು ಕುಲುಮೆಗೆ ಹೋದವಳು ಕದಿರಮ್ಮನೇ. ಸಾಮಾನೆಲ್ಲ ಹೊರುವ ತಲೆ ಅವಳದು ತಾನೆ?

"ಲಾರಿಯ ಸ್ಪ್ರಿಂಗ್ ಪಟ್ಟಾದಲ್ಲಿ ಮಾಡಿದ್ದು ಕಣಮ್ಮ, ಹುಣಸೆಗೆ ಇದೇ ಸರಿ," ಎಂದ ಆಚಾರಿ. "ಆದ್ರೆ ಗಡುಸು ಜಾಸ್ತಿ. ಇದರ ಬೆನ್ನಲ್ಲಿ ಕಬ್ಬಿಣದ ಬೆಣೆಗೆ ಹೊಡೆದ್ರೆ ಚೂರು ಹಾರುತ್ತೆ. ಬೆಣೆಗೆ ಅಂತ ಒಂದು ಸಮ್ಮಟಿಗೆ ತಗೊಂಡ್ಹೋಗು."

ಕದಿರಮ್ಮ ಆ ಭಾರದ ಸುತ್ತಿಗೆಯನ್ನು ಎತ್ತಿ ನೋಡಿ ಕೆಳಗಿಟ್ಟಳು. "ಇದನ್ನ ಹೊತ್ಕೊಂಡು ತಿರುಗೋಳು ನಾನೋ ನೀನೋ? ಹಳೇ ಕೊಡಲೀಲಿ ಬೆನ್ನಲ್ಲೇ ಹೊಡೀತಿದ್ವಿ, ಏನೂ ಆಗ್ಲಿಲ್ಲ. ಕೊಡಲಿ, ಬೆಣೆ ಸಾಕು ಬಿಡಣ್ಣ."

ಹಳೆಯದು ಮೆತ್ತಗಿನ ಕಬ್ಬಿಣದ್ದು ಎಂಬುದು ಅವಳಿಗೆ ಹೊಳೆಯಲಿಲ್ಲ. ವ್ಯಾಪಾರಕ್ಕಾಗಿ ಹೆದರಿಸುತ್ತಾನೆ ಎಂದುಕೊಂಡಳು. ಗಂಡನಿಗೂ ಆ ಮಾತು ಹೇಳಲಿಲ್ಲ.

ಹೊಸ ಕೊಡಲಿ ಹುಣಸೆಗೆ ಸಲೀಸಾಗಿ ಇಳಿಯಿತು. "ಆರಿಸಿದ್ರೆ ನೀನೇ ಆರಿಸ್ಬೇಕು ಕಣೆ," ಎಂದ ಪಿಳ್ಳಪ್ಪ. ಅವಳು ಉಬ್ಬಿಹೋದಳು. ಆಮೇಲೆ ಮರದ ಗಂಟು ಅಡ್ಡ ಬಂತು. ಅವನು ಬಿರುಕಿಗೆ ಬೆಣೆ ಇಟ್ಟು, ಕೊಡಲಿ ತಿರುಗಿಸಿ ಬೆನ್ನಿನಿಂದ ಬಾರಿಸಿದ. ಠಣ್ ಎಂದಿತು. ಪಿಳ್ಳಪ್ಪ ಮುಖ ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಸೋರಿತು.

ಹೊಸಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಎಡಗಣ್ಣು ತೆಗೆದರು. ಒಂದೇ ಕಣ್ಣಿಗೆ ಮರ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗದೆ ಅವನ ಏಟೆಲ್ಲ ತಪ್ಪತೊಡಗಿತು. ಒಮ್ಮೆ ಕೊಡಲಿ ಅವನ ಮೊಣಕಾಲ ಪಕ್ಕದಲ್ಲೇ ನೆಲಕ್ಕೆ ನಾಟಿತು. ಸೀಳದಿದ್ದರೆ ಒಲೆ ಹೊತ್ತುವುದಿಲ್ಲ. ಇನ್ನು ಕೊಡಲಿ ಹಿಡಿಯಬೇಕಾದವಳು ಕದಿರಮ್ಮ.

ಅವಳು ಕುಲುಮೆಗೆ ಹೋಗಿ, ಆಚಾರಿಯ ಮುಖ ನೋಡಲಾರದೆ ಸಮ್ಮಟಿಗೆ ತಂದಳು. ಮನೆಗೆ ಬಂದವಳೇ ಅಂದು ಆಚಾರಿ ಹೇಳಿದ್ದ ಮಾತನ್ನು ಗಂಡನ ಮುಂದೆ ಒಪ್ಪಿಸಿ ಗೊಳೋ ಎಂದು ಅತ್ತಳು. ಪಿಳ್ಳಪ್ಪ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಅವಳಿಗೆ.

ಮರುದಿನ ಬೊಡ್ಡೆಯ ಪಕ್ಕ ಅವನು ಕುಕ್ಕರುಗಾಲಲ್ಲಿ ಕೂತು ಬೆಣೆಯನ್ನು ಬಿರುಕಿಗಿಟ್ಟು ಹಿಡಿದ. ಅವಳು ಸಮ್ಮಟಿಗೆ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು.

ಪಿಳ್ಳಪ್ಪ ಬೆಣೆ ಬಿಡದೆ ಮುಖ ಹೊರಳಿಸಿ, ಕಣ್ಣಿಲ್ಲದ ಕಡೆಯನ್ನು ಅವಳತ್ತ ಮಾಡಿದ.

"ಹೊಡಿ," ಎಂದ. "ಈ ಕಡೆ ಕಳ್ಕೊಳ್ಳೋಕೆ ಇನ್ನೇನೂ ಇಲ್ಲ."